ಇಪ್ಪತ್ತು ಎಣಿಸುವ ತನಕ

ಜೂನ್ ೪

ಒಲೆಯಣ್ಣನವರಿಗೆ ನಮಸ್ಕಾರ.

ಫೋನು ಮಾಡೋಣವೆಂದುಕೊಂಡೆ. ಆದರೆ ಮೂವತ್ತು ವರ್ಷ ಪ್ರಯೋಗಾಲಯದ ಪಂಪಿನ ಪಕ್ಕ ನಿಂತು ಕಿವಿ ಕಳೆದುಕೊಂಡವರು ನೀವು. ನನ್ನ ಮಾತನ್ನು ಅತ್ತಿಗೆ ನಿಮಗೆ ಕೂಗಿ ಹೇಳಬೇಕು, ನಿಮ್ಮ ಉತ್ತರವನ್ನು ನನಗೆ ತಿರುಗಿ ಹೇಳಬೇಕು. ಕಳೆದ ಸಲ ಹಾಗೆ ಮಾಡಿ ಅವರ ಗಂಟಲೇ ಕಟ್ಟಿತ್ತು. ಅದಕ್ಕೇ ಈ ಕಾಗದ.

ಹೊಸ ಪ್ರಯೋಗಾಲಯಕ್ಕೆ ಬಂದು ಎಂಟು ತಿಂಗಳಾಯಿತು. ಸೂಕ್ಷ್ಮದರ್ಶಕದ ಲೆನ್ಸಿನ ಕೆಳಗೆ ಕೂರುವ ಪುಟ್ಟ ಬಿಸಿ ತಟ್ಟೆಗೆ ಇಲ್ಲಿ ಯಾರೂ ಒಲೆ ಅನ್ನುವುದಿಲ್ಲ. ನಾನು ಅಂದರೆ ನಗುತ್ತಾರೆ, ನಾನೂ ಬಿಟ್ಟಿಲ್ಲ. ನನಗೆ ಈ ಕೆಲಸ ಸಿಕ್ಕಿದ್ದೇ ಆ ಹಳೆಯ ಒಲೆಯ ಮೇಲೆ ನೀವು ಕರಗಿಸಿಕೊಟ್ಟ ಪ್ಲಾಸ್ಟಿಕ್ ಚೂರುಗಳಿಂದ. ಅದನ್ನು ಮರೆಯುವಷ್ಟು ದೊಡ್ಡವಳು ನಾನಾಗಿಲ್ಲ.

ಈಗ ಆ ಕೆಲಸಕ್ಕೇ ಕುತ್ತು ಬಂದಿದೆ. ನಮ್ಮ ಲೇಖನದಲ್ಲಿ ಬರೆದದ್ದು ನಿಮಗೆ ನೆನಪಿರುತ್ತದೆ. ಈ ಪ್ಲಾಸ್ಟಿಕ್ಕಿನೊಳಗೆ ಇರುವುದು ಉದ್ದುದ್ದ ಎಳೆಗಳು. ಕರಗಿಸಿ ತಣಿಸಿದರೆ ಅರ್ಧ ಎಳೆಗಳು ಮಡಚಿಕೊಂಡು ಸಾಲಾಗಿ ಹರಳಾಗುತ್ತವೆ, ಉಳಿದರ್ಧ ಗೋಜಲಾಗಿಯೇ ಇರುತ್ತವೆ. ಕೆಲವೇ ಹರಳು ದೊಡ್ಡದಾಗಿ ಬೆಳೆದರೆ ಹಾಳೆ ಮಬ್ಬಾಗಿ ಬೇಗ ಬಿರಿಯುತ್ತದೆ. ಸಾವಿರಾರು ಸಣ್ಣ ಹರಳು ಒಟ್ಟಿಗೆ ಹುಟ್ಟಿದರೆ ತಿಳಿಯಾಗಿರುತ್ತದೆ. ನಮ್ಮ ಪ್ಲಾಸ್ಟಿಕ್ ಏನನ್ನೂ ಬೆರೆಸದೆ ತಾನಾಗಿಯೇ ಸಣ್ಣ ಹರಳು ಕಟ್ಟುತ್ತದೆ, ಅದು ಅದರ ಗುಣ ಎಂದು ನಾನು ಬರೆದೆ. ಔಷಧದ ಬಾಟಲಿ ಮಾಡುವವರು ಅದನ್ನು ನಂಬಿ ಈ ಪ್ರಯೋಗಾಲಯಕ್ಕೆ ನನ್ನನ್ನು ಕರೆಸಿದರು. ಈಗ ಬೇರೆ ಎರಡು ಕಡೆಯವರು ಮಾಡಿ ನೋಡಿ, ದೊಡ್ಡ ಹರಳೇ ಬರುತ್ತಿದೆ ಎಂದು ಲೇಖನ ಅಚ್ಚಾದ ಪತ್ರಿಕೆಗೆ ಬರೆದಿದ್ದಾರೆ. ಇಲ್ಲಿ ನಾನು ಮಾಡಿದರೂ ದೊಡ್ಡದೇ ಬರುತ್ತಿದೆ.

ನಮ್ಮ ಮುಖ್ಯಸ್ಥೆ ಮೊನ್ನೆ ಕರೆದು, “ಸೆಪ್ಟೆಂಬರ್ ಹತ್ತಕ್ಕೆ ಸಭೆ ಇದೆ. ಅಷ್ಟರೊಳಗೆ ಮಾಡಿ ತೋರ್ಸು. ಆಗ್ಲಿಲ್ಲ ಅಂದ್ರೆ ಲೇಖನ ವಾಪಸ್ ತಗೊ, ಆಮೇಲೆ ನಿನ್ ಕೆಲಸದ ವಿಚಾರ ಮಾತಾಡೋಣ” ಎಂದರು. ಮಾತಾಡೋಣ ಅಂದರೆ ಏನೆಂದು ನನಗೆ ಗೊತ್ತು.

ಆದ್ದರಿಂದ ದಯವಿಟ್ಟು ನೆನಪು ಮಾಡಿಕೊಳ್ಳಿ. ಗಾಜು ಯಾವುದು, ಒರೆಸುತ್ತಿದ್ದ ಬಟ್ಟೆ ಯಾವುದು, ಒಲೆಯ ರಿಜಿಸ್ಟರಿನಲ್ಲಿ ಬರೆದದ್ದೆಲ್ಲ ಸರಿಯಿದೆಯೇ. ಪಕ್ಕದ ಕೋಣೆಯಲ್ಲಿ ಹಾಳೆ ಕತ್ತರಿಸುತ್ತಿದ್ದವಳು ನಾನು. “ಕರಗ್ತು, ಬಾ” ಎಂದು ನೀವು ಕೂಗಿದ ಮೇಲೆಯೇ ಬರುತ್ತಿದ್ದೆ. ಅಷ್ಟರಲ್ಲಿ ಒಲೆ ತಣಿಯುತ್ತಿರುತ್ತಿತ್ತು. ಅದಕ್ಕೆ ಮೊದಲಿನದೆಲ್ಲ ನಿಮಗೊಬ್ಬರಿಗೇ ಗೊತ್ತು.

ನಿಮ್ಮ
ಗಡಿಬಿಡಿ


ಜೂನ್ ೧೯

ಮೇಡಂ ಅವರಿಗೆ,

ತಮ್ಮ ಕಾಗದ ತಲುಪಿತು. ಇಲ್ಲಿ ಎಲ್ಲರೂ ಕ್ಷೇಮ. ನಿವೃತ್ತನಾದ ಮೇಲೆ ಅಕ್ಕಪಕ್ಕದವರ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿಕೊಡುತ್ತಾ ಹೊತ್ತು ಕಳೆಯುತ್ತಿದ್ದೇನೆ. ಒಲೆಯ ಸಹವಾಸ ಅಷ್ಟು ಬೇಗ ಬಿಡುವುದಿಲ್ಲ.

ತಮ್ಮ ಲೇಖನದ ಪ್ರತಿಗೆ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದೇನೆ. ಕೊನೆಯ ಪುಟ ಕಾಣುವಂತೆ ಹಾಕಿದ್ದೇನೆ, ಏಕೆಂದರೆ ಒಲೆ ನೋಡಿಕೊಂಡವರಿಗೆ ಕೃತಜ್ಞತೆ ಎಂದು ಇರುವುದು ಅಲ್ಲಿ. ಮೂವತ್ತು ವರ್ಷದಲ್ಲಿ ಎಷ್ಟೋ ಜನ ಬಂದರು, ಓದಿದರು, ಹೋದರು. “ಬನ್ನಿ, ನೀವೂ ನೋಡಿ” ಎಂದು ಕುರ್ಚಿ ಬಿಟ್ಟು ಎದ್ದವರು ನೀವೊಬ್ಬರೇ. ಕತ್ತಲೆಯೊಳಗೆ ಒಂದು ಚುಕ್ಕೆ ಹುಟ್ಟಿ, ದುಂಡಗೆ ಬೆಳೆದು, ಪಕ್ಕದ್ದಕ್ಕೆ ಮೈ ತಾಗಿಸಿ ನಿಲ್ಲುವುದನ್ನು ನಾನು ನಿಧಾನವಾಗಿ ನೋಡಿದ್ದು ಅವತ್ತೇ. ಆ ಋಣ ದೊಡ್ಡದು.

ಗಾಜು ಸಾಧಾರಣದ್ದೇ. ಬಟ್ಟೆ ನನ್ನ ಹಳೆಯ ಹತ್ತಿ ಅಂಗಿ, ಬಿಸಿನೀರಲ್ಲಿ ಎರಡು ಸಲ ಒಗೆದದ್ದು. ರಿಜಿಸ್ಟರಿನಲ್ಲಿ ಇನ್ನೂರು ಡಿಗ್ರಿ, ಐದು ನಿಮಿಷ, ತಾವು ಹೇಳಿದಂತೆಯೇ ಬರೆದಿದೆ.

ಹೊಸ ಲೆನ್ಸ್ ಎಂದು ಮೈಮರೆಯಬೇಡಿ. ಲೆನ್ಸ್ ಸುಟ್ಟು, ಓದು ಬಿಟ್ಟು ಹೋದ ಆ ವಿದ್ಯಾರ್ಥಿಯ ಕತೆ ಹೇಳಿದ್ದೆನಲ್ಲ.

ಇಂತಿ,
ಒಲೆಯಣ್ಣ


ಜುಲೈ ೨

ಒಲೆಯಣ್ಣ,

ಮೇಡಂ ಎಂದು ಬರೆದದ್ದು ನೋಡಿ ನಗು ಬಂತು. ನನ್ನ ಮೊದಲ ಪ್ರಬಂಧ ತಿರಸ್ಕೃತವಾದ ಸುದ್ದಿಯನ್ನು ನೀವು ಎರಡು ದಿನ ಬಚ್ಚಿಟ್ಟಿರಲ್ಲ, ಆಗ ಬಿಟ್ಟರೆ ಇನ್ಯಾವತ್ತೂ ನನಗೆ ಮೇಡಂ ಅಂದವರಲ್ಲ. ದೊಡ್ಡ ಜಾಗಕ್ಕೆ ಹೋದಳೆಂದು ಈ ಮರ್ಯಾದೆಯೇನೋ. ಬೇಡ, ಮೈಗೆ ಒಗ್ಗುವುದಿಲ್ಲ.

ಹನ್ನೆರಡು ಬಗೆಯ ಗಾಜು ನೋಡಿದೆ. ನನ್ನದೇ ಒಂದು ಅಂಗಿ ಹರಿದು, ಎರಡು ಸಲ ಒಗೆದು ಒರೆಸಿದೆ. ಇನ್ನೂರು ಡಿಗ್ರಿ, ಐದು ನಿಮಿಷ ತಪ್ಪದೆ ಮಾಡಿದೆ. ಏನು ಮಾಡಿದರೂ ಅದೇ ದಪ್ಪ ಹರಳುಗಳು, ಒಂದೊಂದರ ನಡುವೆಯೂ ಆ ಕಪ್ಪು ಕತ್ತರಿ ಗುರುತು. ನಮ್ಮ ಅರವತ್ತನಾಲ್ಕು ಸ್ಯಾಂಪಲ್ಲಿನಲ್ಲಿ ಮೂರು ಮಾತ್ರ ಹೀಗೆ ದಪ್ಪಗೆ ಬಂದಿದ್ದವು. ಕೊಳೆ ಸೇರಿರಬೇಕೆಂದು ಆ ಮೂರನ್ನು ನಾನು ಬದಿಗಿಟ್ಟೆ. ಈಗ ನೋಡಿದರೆ ಆ ಮೂರೇ ಸರಿ, ಉಳಿದ ಅರವತ್ತೊಂದನ್ನು ನನ್ನ ಕಣ್ಣೇ ತಪ್ಪಾಗಿ ನೋಡಿತೇನೋ ಅನ್ನಿಸುತ್ತಿದೆ.

ಒಂದು ತೀರ್ಮಾನ ಮಾಡಿದ್ದೇನೆ. ತಪ್ಪು ನನ್ನದೆಂದು ಬರೆದುಕೊಟ್ಟು ಲೇಖನ ವಾಪಸ್ ತೆಗೆದುಕೊಳ್ಳುತ್ತೇನೆ. ಒಲೆ ಹಳೆಯದೇ, ನೋಡಿಕೊಂಡವರು ಯಾರು ಎಂಬ ಪ್ರಶ್ನೆಗಳು ಏಳಬಹುದು. ಎದ್ದರೂ ನಿಮ್ಮ ಹೆಸರು ಎಲ್ಲೂ ಬರದ ಹಾಗೆ ನೋಡಿಕೊಳ್ಳುತ್ತೇನೆ. ನೆಮ್ಮದಿಯಾಗಿ ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿಕೊಂಡಿದ್ದೀರಿ, ಈ ರಗಳೆ ನಿಮಗೇಕೆ.

ಗಡಿಬಿಡಿ


ಜುಲೈ ೧೦

ಮೇಡಂ ಅವರಿಗೆ,

ನನ್ನ ಹೆಸರನ್ನು ಯಾರೂ ನೋಡಿಕೊಳ್ಳಬೇಕಾಗಿಲ್ಲ. ದಯವಿಟ್ಟು ಆ ಮಾತನ್ನು ಇನ್ನೊಮ್ಮೆ ಬರೆಯಬೇಡಿ.

ಒಲೆಯಣ್ಣ


ಆಗಸ್ಟ್ ೧

ಒಲೆಯಣ್ಣನವರಿಗೆ,

ಎರಡು ಸಾಲಿನ ಕಾಗದ ಬರೆಯುವಷ್ಟು ನಾನು ಏನು ತಪ್ಪು ಮಾಡಿದೆ? ಮೂರು ವಾರದಿಂದ ಯೋಚಿಸುತ್ತಿದ್ದೇನೆ. ನಿಮ್ಮ ಕೆಲಸವನ್ನು ಅನುಮಾನಿಸಿದೆ ಎಂದುಕೊಂಡಿರಾ? ನಿಮ್ಮ ರಿಜಿಸ್ಟರಿನಲ್ಲಿ ಒಂದು ಚಿತ್ತು ಇಲ್ಲ ಎಂದು ಇಡೀ ಸಂಸ್ಥೆಗೆ ಗೊತ್ತು. ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ಅದನ್ನೇ ತೆಗೆದು ತೋರಿಸುತ್ತಿದ್ದರು. ಅನುಮಾನ ನನಗೆ ನನ್ನ ಮೇಲೆ ಮಾತ್ರ.

ವಾಪಸಾತಿಯ ಕಾಗದ ಬರೆದು ಮೇಜಿನ ಖಾನೆಯಲ್ಲಿಟ್ಟಿದ್ದೇನೆ, ಸಹಿ ಹಾಕಿಲ್ಲ. ಸಹಿ ಹಾಕಿದ ಮೇಲೆ ಹರಳುಗಳ ಕೆಲಸ ನನಗೆ ಇನ್ನೆಲ್ಲೂ ಸಿಗುವುದಿಲ್ಲ. ಅದಕ್ಕಿಂತ ಹೆಚ್ಚು ನೋವಾಗುವುದು ಇನ್ನೊಂದು ವಿಷಯಕ್ಕೆ. ಮೊದಲ ಸಲ ಸಣ್ಣ ಹರಳು ಬಂದ ದಿನ ನೀವು ಹತ್ತು ನಿಮಿಷ ಕಣ್ಣು ತೆಗೆಯದೆ ನೋಡಿ, “ಹಿಟ್ಟು ಚೆಲ್ಲಿದ ಹಾಗಿದೆ ಕಣಮ್ಮ” ಎಂದಿರಿ. ಅದು ಸುಳ್ಳಾಗಿತ್ತೇ ಎಂದು ಪದೇ ಪದೇ ಕೇಳಿಕೊಳ್ಳುತ್ತಿದ್ದೇನೆ.

ಸಿಟ್ಟಿದ್ದರೆ ಬೈದು ಬರೆಯಿರಿ. ನಿಮ್ಮ ಬೈಗುಳ ಅಭ್ಯಾಸವಿದೆ. ಸುಮ್ಮನಿರಬೇಡಿ.

ಗಡಿಬಿಡಿ


ಆಗಸ್ಟ್ ೧೪

ಮಗಳೇ,

ಈ ಕಾಗದವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. “ಕಾಗದ ಹರಿಯೋ ಬದ್ಲು ಬಾಯಿ ಬಿಡಿ, ಏನಾಯ್ತು ಅಂತ ನನಗಾದ್ರೂ ಹೇಳಿ” ಎಂದಳು ನಿನ್ನತ್ತಿಗೆ. ಅವಳಿಗೆ ಹೇಳಿದೆ. ಕೇಳಿಸಿಕೊಂಡು ಹೊಸ ಪೆನ್ನು ತಂದು ಮುಂದಿಟ್ಟಳು.

ನಿನ್ನ ಕಣ್ಣು ಸರಿಯಾಗಿದೆ. ರಿಜಿಸ್ಟರ್ ಸುಳ್ಳು. ಇನ್ನೂರು ಡಿಗ್ರಿಗೆ ನಾನು ಒಂದು ಸಲವೂ ಏರಿಸಲಿಲ್ಲ.

ಲೆನ್ಸಿನೊಳಗಿನ ಗಾಜುಗಳನ್ನು ಹಿಡಿದಿರುವುದು ಒಂದು ಅಂಟು. ಕೆಳಗೆ ಒಲೆ ಹೆಚ್ಚು ಕಾದರೆ ಆ ಅಂಟು ಬಿಡುತ್ತದೆ, ಲೆನ್ಸ್ ಮಂಜಾಗುತ್ತದೆ. ನಮ್ಮ ಹತ್ತಿರ ಇದ್ದದ್ದು ಅದೊಂದೇ. ಇನ್ನೂರಕ್ಕೆ ಐದು ನಿಮಿಷ ಅಂತ ನೀನು ಹೇಳಿದಾಗ ನನ್ನ ಕೈ ಏಳಲಿಲ್ಲ. ಹರಳಿದ್ದರೆ ಬೆಳಕು, ಕರಗಿದರೆ ಕತ್ತಲು, ಅಷ್ಟು ನನಗೂ ಗೊತ್ತಿತ್ತು. ನೂರ ಅರವತ್ತೆಂಟು, ಅರವತ್ತೊಂಬತ್ತಕ್ಕೆ ಪೂರ್ತಿ ಕತ್ತಲಾಗುತ್ತಿತ್ತು. ಕತ್ತಲಾದ ಮೇಲೆ ಇಪ್ಪತ್ತು ಎಣಿಸಿ, ಒಲೆ ಆರಿಸಿ, ನಿನ್ನನ್ನು ಕೂಗುತ್ತಿದ್ದೆ. ಕರಗಿದ್ದು ಕರಗಿತು, ಇನ್ನೂ ಯಾಕೆ ಬೇಯಿಸಬೇಕು ಅಂತ ನನ್ನ ಲೆಕ್ಕ. ರಿಜಿಸ್ಟರಿನಲ್ಲಿ ನೀನು ಹೇಳಿದ್ದನ್ನು ಬರೆದೆ, ನಿನಗೆ ಬೇಜಾರಾಗದಿರಲಿ ಅಂತ.

ಆದರೆ ಸುಳ್ಳು ಬರೆದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ನಿಜವಾದ ಅಂಕಿಯನ್ನು ಜೇಬಿನ ಡೈರಿಯಲ್ಲಿ ಬರೆದಿಡುತ್ತಿದ್ದೆ. ಡೈರಿ ಈ ಕಾಗದದ ಜೊತೆಗಿದೆ. ಅದರಲ್ಲಿ ಮೂರು ದಿನ ಅಂಕಿ ಇಲ್ಲ, ರಜೆ ಎಂದಿದೆ. ನನ್ನ ತಂಗಿಯ ಮಗಳ ಮದುವೆಗೆ ಹೋಗಿದ್ದೆ. ಆ ಮೂರು ದಿನ ಒಲೆ ನೋಡಿಕೊಂಡವರು ರಿಜಿಸ್ಟರಿನಲ್ಲಿ ಇದ್ದಂತೆಯೇ ಮಾಡಿದರು. ನಿನ್ನ ಮೂರು ದಪ್ಪ ಹರಳು ಅವೇ ಇರಬೇಕು, ದಿನಾಂಕ ನೋಡಿಕೋ.

ಇನ್ನೊಂದಿದೆ. ಲೆನ್ಸ್ ಸುಟ್ಟವನು ಒಬ್ಬ ವಿದ್ಯಾರ್ಥಿ ಎಂದು ಬಂದವರಿಗೆಲ್ಲ ಹೇಳುತ್ತಾ ಬಂದೆ. ಸುಟ್ಟವನು ನಾನು. ಒಲೆ ಹಚ್ಚಿಟ್ಟು ಪಂಪು ನೋಡಲು ಹೋದೆ, ಮರೆತೆ. ಆ ಹುಡುಗ ನನ್ನ ಮುಖ ನೋಡಿ, “ನಿಮಗೆ ಸಂಸಾರ ಇದೆ, ನಿಮ್ಮ ಹೆಸರು ಎಲ್ಲೂ ಬರದ ಹಾಗೆ ನೋಡ್ಕೋತೀನಿ” ಅಂದ. ತಾನೇ ಮಾಡಿದೆ ಎಂದು ಬರೆದುಕೊಟ್ಟ. ನಾನು ಸುಮ್ಮನಿದ್ದೆ. ಬೈಗುಳ ತಡೆಯಲಾರದೆ ನಾಲ್ಕು ತಿಂಗಳಿಗೆ ಓದು ಬಿಟ್ಟು ಹೋದ. ಇಪ್ಪತ್ತೆರಡು ವರ್ಷವಾಯಿತು. ನೀನು ಜುಲೈನಲ್ಲಿ ಅದೇ ಮಾತನ್ನು ಅಕ್ಷರ ತಪ್ಪದೆ ಬರೆದಿದ್ದೆ. ಅದಕ್ಕೇ ಆ ಎರಡು ಸಾಲು ಬರೆದೆ.

ಇನ್ನೊಬ್ಬರು ನನ್ನ ತಪ್ಪು ಹೊರುವುದು ಬೇಡ. ನಿನಗೆ ಏನು ಸರಿಯೋ ಅದನ್ನು ಮಾಡು.

ಒಲೆಯಣ್ಣ


ಆಗಸ್ಟ್ ೨೫

ಒಲೆಯಣ್ಣ,

ನಿಮ್ಮ ಕಾಗದ ಬಂದು ನಾಲ್ಕು ದಿನವಾಯಿತು. ಮೊದಲ ಎರಡು ದಿನ ನಿಮ್ಮ ಮೇಲೆ ಕೆಂಡದಂಥ ಕೋಪವಿತ್ತು, ಮುಚ್ಚಿಡುವುದಿಲ್ಲ. ಮೂರು ವರ್ಷದ ಕೆಲಸ, ಈಗಿನ ಇಷ್ಟು ತಿಂಗಳ ಪರದಾಟ, ಎಲ್ಲದರ ಮೂಲ ನಿಮ್ಮ ಜೇಬಿನಲ್ಲಿತ್ತು. ಜೂನಿನಲ್ಲೇ ಹೇಳಬಹುದಿತ್ತು. ಮೇಡಂ ಎಂದಾಗಲೇ ನಾನೂ ಅರ್ಥ ಮಾಡಿಕೊಳ್ಳಬೇಕಿತ್ತು, ಮರ್ಯಾದೆ ಅಂದುಕೊಂಡೆ. ತಪ್ಪಿನಲ್ಲಿ ಇಬ್ಬರೂ ಸರಿಸಮ.

ಮೂರನೆಯ ದಿನ ಡೈರಿ ಹಿಡಿದು ಕೂತೆ. ರಜೆ ಎಂದು ಬರೆದ ಮೂರು ದಿನಾಂಕ, ನಾನು ಬದಿಗಿಟ್ಟ ಮೂರು ಸ್ಯಾಂಪಲ್, ಒಂದಕ್ಕೊಂದು ಸರಿಯಾಗಿ ಹೊಂದಿದವು. ಕೂತಲ್ಲೇ ಕಣ್ಣು ತುಂಬಿತು. ಒಲೆಯನ್ನು ನೂರ ಅರವತ್ತೊಂಬತ್ತಕ್ಕೆ ಇಟ್ಟೆ. ಕತ್ತಲಾಯಿತು. ಇಪ್ಪತ್ತು ಸೆಕೆಂಡು ಬಿಟ್ಟು ತಣಿಸಿದೆ. ಹಿಟ್ಟು ಚೆಲ್ಲಿದ ಹಾಗೆ ಬಂತು, ಒಲೆಯಣ್ಣ. ಎಲ್ಲ ಕಡೆ, ಒಟ್ಟಿಗೆ.

ಕಾರಣ ಪುಸ್ತಕದಲ್ಲೇ ಇದೆ, ನಾನೇ ಅದನ್ನು ಪಾಠ ಮಾಡಿದ್ದೇನೆ. ಕರಗುವ ಮಟ್ಟ ದಾಟಿದರೂ ಸಾಕಷ್ಟು ಬಿಸಿ ತಾಗದಿದ್ದರೆ, ಹಿಂದೆ ಎಲ್ಲಿ ಹರಳು ಇತ್ತೋ ಆ ಜಾಡು ಎಳೆಗಳಲ್ಲಿ ಉಳಿದಿರುತ್ತದೆ. ಕಣ್ಣಿಗೆ ಕತ್ತಲು, ಆದರೆ ತಣಿದ ಕೂಡಲೇ ಆ ಜಾಡುಗಳಲ್ಲೆಲ್ಲ ಹೊಸ ಹರಳು ಹುಟ್ಟುತ್ತದೆ. ಇನ್ನೂರಕ್ಕೆ ಕಾಸಿದರೆ ಜಾಡು ಅಳಿಸಿಹೋಗುತ್ತದೆ. ಅಂದರೆ ನಾನು ಬರೆದದ್ದು ತಪ್ಪೇ. ಸಣ್ಣ ಹರಳು ಪ್ಲಾಸ್ಟಿಕ್ಕಿನ ಗುಣವಲ್ಲ, ನಿಮ್ಮ ಕೈಯ ಗುಣ. ರಿಜಿಸ್ಟರಿನಲ್ಲಿ ಇನ್ನೂರು ಎಂದು ನೋಡಿ ನಾನು ಆ ಕಡೆ ತಲೆಯನ್ನೇ ಹಾಕಲಿಲ್ಲ.

ಲೇಖನ ವಾಪಸ್ ಹೋಗುತ್ತದೆ. ಅದರ ಜಾಗಕ್ಕೆ ಸರಿಯಾದದ್ದನ್ನು ಬರೆಯಬೇಕು, ಅದಕ್ಕೆ ಡೈರಿಯ ಅರವತ್ತೊಂದು ಅಂಕಿ ಬೇಕು. ಹಾಗೆ ಬರೆದರೆ ರಿಜಿಸ್ಟರ್ ಸುಳ್ಳೆಂದು ಎಲ್ಲರಿಗೂ ತಿಳಿಯುತ್ತದೆ. ಬರೆಯಲೇ? ನಿಮ್ಮ ಹೆಸರನ್ನು ಕೊನೆಯ ಪುಟದಲ್ಲಿ ಅಲ್ಲ, ಮೇಲೆ, ನನ್ನ ಹೆಸರಿನ ಪಕ್ಕ ಹಾಕಲೇ? ಬೇಡವೆಂದರೆ ಡೈರಿ ಹಾಗೆಯೇ ಹಿಂದಿರುಗಿಸುತ್ತೇನೆ, ಕೇಳಿದವರಿಗೆ ನನ್ನ ತಪ್ಪು ಎಂದಷ್ಟೇ ಹೇಳುತ್ತೇನೆ.

ಒಂದು ಕೆಲಸದ ಪ್ರಶ್ನೆ. ಗಡಿಯಾರದ ಇಪ್ಪತ್ತು ಸೆಕೆಂಡಿಗೆ ಹರಳು ನಮ್ಮ ಹಳೆಯ ಫೋಟೋಗಿಂತ ಇನ್ನೂ ಸಣ್ಣಗೆ ಬರುತ್ತಿದೆ. ಎಷ್ಟು ಹೊತ್ತು ಇಡುತ್ತೇವೆ ಎಂಬುದೂ ಲೆಕ್ಕಕ್ಕಿದೆ. ನಿಮ್ಮ ಇಪ್ಪತ್ತು ಎಷ್ಟು ಉದ್ದ?

ಗಡಿಬಿಡಿ


ಸೆಪ್ಟೆಂಬರ್ ೨

ಮಗಳೇ,

ಮೊದಲು ನಿನ್ನ ಪ್ರಶ್ನೆ. ನಿನ್ನತ್ತಿಗೆ ಗೋಡೆಯ ಗಡಿಯಾರದ ಕೆಳಗೆ ನನ್ನನ್ನು ನಿಲ್ಲಿಸಿ ಮೂರು ಸಲ ಎಣಿಸಲು ಹೇಳಿದಳು. ಮೂವತ್ತೊಂದು, ಮೂವತ್ತು, ಮೂವತ್ತೊಂದು ಸೆಕೆಂಡು. “ಇಪ್ಪತ್ತು ನಿಮಿಷಕ್ಕೆ ಬರ್ತೀನಿ ಅಂತ ಹೋಗಿ ಇಷ್ಟು ವರ್ಷ ಊಟ ಆರಿಸ್ತಿದ್ರಲ್ಲ, ಈಗ ಗೊತ್ತಾಯ್ತು” ಎಂದಳು. ಮೂವತ್ತೊಂದು ಇಟ್ಟುಕೋ.

ಹೆಸರು ಹಾಕು. ಒಂದೇ ಷರತ್ತು. ರಿಜಿಸ್ಟರಿನಲ್ಲಿ ಸುಳ್ಳು ಬರೆದವನೂ ಡೈರಿಯಲ್ಲಿ ನಿಜ ಬರೆದವನೂ ಒಬ್ಬನೇ ಎಂದು ಒಂದೇ ವಾಕ್ಯದಲ್ಲಿ ಬರಬೇಕು. ಮೊದಲನೆಯದನ್ನು ಮೆತ್ತಗೆ ಮಾಡಬೇಡ.

ನಿನ್ನೆ ಹಳೆಯ ಪ್ರಯೋಗಾಲಯಕ್ಕೆ ಹೋಗಿದ್ದೆ. ಈಗ ಒಲೆ ನೋಡಿಕೊಳ್ಳುವಾಕೆಗೆ ವಿಷಯ ಹೇಳಿ ರಿಜಿಸ್ಟರ್ ಕೇಳಿದೆ. ಆಕೆ ಮೇಜು ಒರೆಸಿಕೊಟ್ಟು, ಅದನ್ನು ತಂದಿಟ್ಟು, ಕಿಟಕಿ ಪರದೆ ಸರಿಸಿದಳು. ಡೈರಿಯನ್ನು ನಿನಗೆ ಕಳಿಸುವ ಮುಂಚೆಯೇ ಅಂಕಿಗಳನ್ನು ಬೇರೆ ಹಾಳೆಯಲ್ಲಿ ನಕಲು ಮಾಡಿಟ್ಟುಕೊಂಡಿದ್ದೆ, ಒಳ್ಳೆಯದಾಯಿತು. ಅರವತ್ತೊಂದು ಕಡೆ ಇನ್ನೂರರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಿಜ ಬರೆದು, ಸಹಿ, ದಿನಾಂಕ ಹಾಕಿದೆ. ಬೆಳಿಗ್ಗೆ ಹತ್ತಕ್ಕೆ ಕೂತವನು ಎದ್ದಾಗ ನಾಲ್ಕಾಗಿತ್ತು. ಚಿತ್ತಿಲ್ಲದ ರಿಜಿಸ್ಟರ್ ಅಂತ ಹೆಸರಿತ್ತು, ಈಗ ಪುಟ ಪುಟಕ್ಕೂ ಚಿತ್ತು. ಮನಸ್ಸು ಹಗುರಾಯಿತು ಮಗಳೇ, ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ.

ಕೋಪ ಬಂತು ಎಂದು ಬರೆದೆಯಲ್ಲ, ಅದಕ್ಕೆ ನಿನಗೆ ದೊಡ್ಡ ನಮಸ್ಕಾರ. ಆ ಹುಡುಗನೂ ಅವತ್ತು ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು.

ಒಲೆಯಣ್ಣ


ಸೆಪ್ಟೆಂಬರ್ ೧೨

ಒಲೆಯಣ್ಣ,

ಸಭೆ ಮುಗಿಯಿತು. ಒಂಬತ್ತು ಜನ, ಒಂದು ಸೂಕ್ಷ್ಮದರ್ಶಕ, ಗೋಡೆಯ ಮೇಲೆ ದೊಡ್ಡ ಪರದೆ. ನಾನು ಏನನ್ನೂ ವಿವರಿಸದೆ ಮೊದಲು ಒಲೆ ಹಚ್ಚಿದೆ. ಪರದೆ ಕತ್ತಲಾದಾಗ ಗಡಿಯಾರ ನೋಡಲಿಲ್ಲ. ನಿಮ್ಮ ಹಾಗೆ ಬಾಯಿಬಿಟ್ಟು ಎಣಿಸಿದೆ, ಒಂದೊಂದು ಅಂಕಿಗೂ ಉಸಿರು ತೆಗೆದುಕೊಂಡು. ಹದಿಮೂರು, ಹದಿನಾಲ್ಕರ ಹೊತ್ತಿಗೆ ಬಾಟಲಿ ಕಂಪನಿಯವರು ನಗತೊಡಗಿದರು. ಇಪ್ಪತ್ತಕ್ಕೆ ಆರಿಸಿದೆ. ಸ್ವಲ್ಪ ಹೊತ್ತಿಗೆ ಇಡೀ ಪರದೆ ಒಮ್ಮೆಗೇ ಬೆಳಗಿತು, ಆಗ ಯಾರೂ ನಗಲಿಲ್ಲ.

ಆಮೇಲೆ ಎಲ್ಲ ಹೇಳಿದೆ. ನಿಮ್ಮ ಷರತ್ತಿನ ವಾಕ್ಯವನ್ನು ಹಾಗೆಯೇ ಓದಿದೆ. ಮುಖ್ಯಸ್ಥೆ ಡೈರಿಯನ್ನು ಮೊದಲಿಂದ ಕೊನೆಯವರೆಗೆ ತಿರುವಿ, “ಈ ಪ್ಲಾಸ್ಟಿಕ್ ಎಷ್ಟು ಡಿಗ್ರಿವರೆಗೆ ಜಾಡು ಉಳಿಸ್ಕೊಳ್ಳುತ್ತೆ ಅಂತ ಇಷ್ಟು ಅಂಕಿ ಯಾರ ಹತ್ರನೂ ಇಲ್ಲ. ಇವರನ್ನ ಯಾರಾದ್ರೂ ಮೊದ್ಲೇ ಕೇಳಿದ್ರಾ?” ಎಂದರು. ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅದನ್ನೂ ಹೇಳಿದೆ.

ಹಳೆಯ ಲೇಖನ ವಾಪಸ್ಸಾಯಿತು. ಬಾಟಲಿಯವರು ಬೇಸರದಲ್ಲೇ ಹೋದರು. ನನ್ನ ಕೆಲಸ ಒಂದು ವರ್ಷಕ್ಕೆ ಉಳಿಯಿತು, ಈ ಅಂಕಿಗಳನ್ನು ಮುಗಿಸುವುದಕ್ಕೆ. ಹೊಸ ಲೇಖನದಲ್ಲಿ ಎರಡು ಹೆಸರು, ನಿಮ್ಮದು ಮೊದಲು. ಅಚ್ಚಾದ ಕೂಡಲೇ ಕಳಿಸುತ್ತೇನೆ, ಈ ಸಲ ಮೊದಲ ಪುಟ ಕಾಣುವಂತೆ ಗೋಡೆಗೆ ಹಾಕಿ.

ಕಲಿಸಿದ್ದಕ್ಕೆ ನಾನು ಯಾವತ್ತೂ ನಿಮಗೆ ನೇರವಾಗಿ ಥ್ಯಾಂಕ್ಸ್ ಹೇಳಿಲ್ಲ. ಬಚ್ಚಿಟ್ಟಿದ್ದನ್ನು ಹೇಳಿದ್ದಕ್ಕೂ ಸೇರಿಸಿ ಈಗ ಹೇಳುತ್ತಿದ್ದೇನೆ. ನನ್ನನ್ನು ಉಳಿಸಿದಿರಿ.

ನಿಮ್ಮ
ಗಡಿಬಿಡಿ


ನವೆಂಬರ್ ೬

ಮಗಳೇ,

ಅಚ್ಚಾದದ್ದು ಬಂತು. ನಿನ್ನತ್ತಿಗೆ ಆ ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ, “ಮನೇಲಿ ಒಂದ್ ತಪ್ಪು ಒಪ್ಕೊಂಡೋರಲ್ಲ, ಊರಿಗೆಲ್ಲ ಅಚ್ಚು ಹಾಕ್ಸಿದ್ರಲ್ಲ” ಎಂದಳು. ಅಂದರೂ ಚೌಕಟ್ಟಿನ ಗಾಜನ್ನು ಅವಳೇ ಒರೆಸಿದಳು. ಇನ್ನೊಂದು ಪ್ರತಿಯನ್ನು ಹಳೆಯ ರಿಜಿಸ್ಟರಿನೊಳಗೆ, ಮೊದಲ ಕೆಂಪು ಗೆರೆಯ ಪುಟದಲ್ಲಿ ಇಟ್ಟು ಬಂದೆ. ಹೊಸ ವಿದ್ಯಾರ್ಥಿಗಳಿಗೆ ಈಗಲೂ ಅದನ್ನು ತೋರಿಸುತ್ತಾರಂತೆ.

“ನನ್ನನ್ನು ಉಳಿಸಿದಿರಿ” ಎಂದು ನೀನು ಬರೆದಿದ್ದೆ. ಅದು ಉಲ್ಟಾ, ಆದರೆ ವಾದ ಮಾಡುವುದಿಲ್ಲ.

ಮೂರನೆಯ ಪ್ರತಿಯನ್ನು ನಿನ್ನನ್ನು ಕೇಳದೆ ಒಬ್ಬರಿಗೆ ಕಳಿಸಿದ್ದೇನೆ. ಸಂಸ್ಥೆಯ ಆಫೀಸಿನಲ್ಲಿ ವಿಳಾಸ ಹುಡುಕಿಸಿದೆ. ಓದು ಬಿಟ್ಟ ಆ ಹುಡುಗ ಈಗ ಕನ್ನಡಕದ ಅಂಗಡಿ ಇಟ್ಟಿದ್ದಾನಂತೆ, ತಲೆ ನರೆತಿರಬೇಕು. ಜೊತೆಗೆ ಒಂದು ಕಾಗದ ಬರೆದೆ. ಲೆನ್ಸ್ ಸುಟ್ಟವನು ನಾನು ಎಂದು ಸಂಸ್ಥೆಗೂ ಬರೆದುಕೊಟ್ಟಿದ್ದೇನೆ, ಅದರ ನಕಲು ಇಟ್ಟಿದ್ದೇನೆ. ಅವನು ಉತ್ತರ ಬರೆಯಬಹುದು, ಬರೆಯದಿರಬಹುದು, ಅದು ಅವನಿಗೆ ಬಿಟ್ಟದ್ದು.

ಅಂಚೆ ಡಬ್ಬಿಯ ಮುಂದೆ ಕೈ ಹಿಂದಕ್ಕೆ ಬಂತು. ನಿಂತು ಇಪ್ಪತ್ತು ಎಣಿಸಿದೆ, ನನ್ನ ಇಪ್ಪತ್ತು. ಆಮೇಲೆ ಹಾಕಿದೆ.

ಒಲೆಯಣ್ಣ